ಹೇಮಾವತಿಯ ಹಿನ್ನೀರಿನಲ್ಲಿ ಒಂದು ನಡಿಗೆ

ಹಾಸನ ಜಿಲ್ಲೆಗೆ ಪ್ರವಾಸ ಎಂದರೆ ಎಲ್ಲರೂ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಎಂದು ಬೆರಳು ಮಡಿಚುತ್ತಾರೆ. ಹೊಯ್ಸಳರ ಶಿಲ್ಪ, ಗೊಮ್ಮಟನ ನಗು, ಇವುಗಳ ಮುಂದೆ ಉಳಿದದ್ದು ಲೆಕ್ಕಕ್ಕೆ ಬರುವುದೂ ಇಲ್ಲ. ಆದರೆ ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹೇಮಾವತಿ ಹೊಳೆಯ ದಂಡೆಯಲ್ಲಿ, ವರ್ಷದಲ್ಲಿ ಕೆಲವು ತಿಂಗಳು ನೀರಿನಲ್ಲಿ ಮುಳುಗಿ ಕೆಲವು ತಿಂಗಳು ಬಿಸಿಲಿಗೆ ಮೈಯೊಡ್ಡಿ ನಿಲ್ಲುವ ಒಂದು ಪಾಳು ಇಗರ್ಜಿಯಿದೆ. ಅದೇ ಶೆಟ್ಟಿಹಳ್ಳಿಯ ರೋಸರಿ ಚರ್ಚು. ಈಚಿನ ವರ್ಷಗಳಲ್ಲಿ ಅದರ ಫೋಟೋಗಳು ಎಲ್ಲ ಕಡೆ ಓಡಾಡುತ್ತಿರುವುದರಿಂದ ನಮ್ಮ ಸಂಘದ ಯುವಕರಿಗೆ ಅದರ ಪರಿಚಯ ನಮಗಿಂತ ಚೆನ್ನಾಗಿಯೇ ಇರಬಹುದು. ಆದರೂ ಫೋಟೋದಲ್ಲಿ ಕಾಣದ ಕೆಲವು ಸಂಗತಿಗಳನ್ನು ಓದುಗ ಬಾಂಧವರೊಡನೆ ಹಂಚಿಕೊಳ್ಳಬೇಕೆನಿಸಿತು.

ಅಲ್ಲಿಗೆ ಹೋಗುವುದಕ್ಕೆ ನನಗೆ ಎರಡು ಕಾರಣಗಳಿದ್ದವು. ಮೊದಲನೆಯದು ನನ್ನ ಬಿ.ಎ. ತರಗತಿಯದು. ನಮಗೆ ವರ್ಡ್ಸ್‌ವರ್ತ್ ಕವಿಯ 'ಟಿಂಟರ್ನ್ ಅಬ್ಬಿ' ಪಾಠಕ್ಕಿತ್ತು. ಅಬ್ಬಿ ಎಂದರೇನು ಎಂದು ಒಬ್ಬ ಹುಡುಗಿ ಎದ್ದು ಕೇಳಿದಾಗ ನಮ್ಮ ಮೇಷ್ಟ್ರು, "ಹೊಳೆ ದಂಡೆಯ ಒಂದು ಮಠ ಅಂತ ತಿಳ್ಕೊಳ್ಳಮ್ಮ" ಎಂದು ಮುಂದೆ ಹೋದರು. ನಾವೂ ಹಾಗೆಯೇ ತಿಳಿದುಕೊಂಡು ಪರೀಕ್ಷೆ ಬರೆದೆವು. ತಮಾಷೆಯೆಂದರೆ 1798ರಲ್ಲಿ ಬರೆದ ಆ ಕವಿತೆಯ ಶೀರ್ಷಿಕೆಯಲ್ಲಿ ಬಿಟ್ಟರೆ ಒಳಗೆಲ್ಲೂ ಆ ಮಠದ ಸುದ್ದಿಯೇ ಇಲ್ಲ. ಅದು ವೇಲ್ಸ್ ಗಡಿಯ ವೈ ನದಿಯ ದಂಡೆಯಲ್ಲಿ 1131ರಲ್ಲಿ ಸ್ಥಾಪನೆಯಾದ ಸನ್ಯಾಸಿಗಳ ಮಠ. ಎಂಟನೆಯ ಹೆನ್ರಿ ದೊರೆ 1536ರಲ್ಲಿ ಅದನ್ನು ಮುಚ್ಚಿಸಿದ. ಛಾವಣಿಯ ಸೀಸವನ್ನು ಕಿತ್ತು ಮಾರಿದರು. ಗೋಡೆಗಳು ಮಾತ್ರ ಉಳಿದವು. ಅಲ್ಲಿಯವರೆಗೆ ಹೋಗುವ ಯೋಗ ನನ್ನ ಜಾತಕದಲ್ಲಿದೆಯೋ ಇಲ್ಲವೋ! ಹೊಳೆ ದಂಡೆಯ ಪಾಳು ಗೋಡೆ ನಮ್ಮ ನಾಡಿನಲ್ಲೇ ಇರುವಾಗ ಅದನ್ನಾದರೂ ನೋಡೋಣ ಎನಿಸುತ್ತಿತ್ತು.

ಎರಡನೆಯ ಕಾರಣ ನಮ್ಮ ಅತ್ತೆಯವರು. ಅವರಿಗೀಗ 84 ವರ್ಷ. ನಮ್ಮವರ ಊರು ಹೇಮಾವತಿ ಜಲಾಶಯದಲ್ಲಿ ಮುಳುಗಿದ ಹಳ್ಳಿಗಳಲ್ಲಿ ಒಂದು. ಅದರ ಹೆಸರು ಈಗ ಯಾವ ಬಸ್ಸಿನ ಬೋರ್ಡಿನಲ್ಲೂ ಇಲ್ಲ. ಅತ್ತೆಯವರು ನಮ್ಮ ಜೊತೆ ಕೊಂಡಾಪುರಕ್ಕೆ ಬಂದು ಹತ್ತು ವರ್ಷವಾಯಿತು. ಒಂಬತ್ತನೆಯ ಮಹಡಿಯ ಬಾಲ್ಕನಿಯಲ್ಲಿ ಕುಳಿತು, ಎದುರಿಗೆ ಏಳುತ್ತಿರುವ ಕಟ್ಟಡಗಳನ್ನು ನೋಡುತ್ತ ಒಮ್ಮೆ ಅವರು ಕೇಳಿದರು: "ಇಲ್ಲಿ ಮೊದ್ಲು ಏನಿತ್ತಮ್ಮ?" 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ಮೇಲೆ ಈ ಕಡೆ ಊರು ಬೆಳೆದ ಕಥೆ ಹೇಳಿದೆ. ಬಂಡೆ, ಹೊಲ, ಕುರುಚಲು ಕಾಡು ಇದ್ದವಂತೆ ಎಂದೆ. "ಹಂಗಾರೆ ಇಲ್ಲಿಯೋರ್ದೂ ಮುಳುಗಡೆನೇ" ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಒಂದ್ಸಲ ನೀರು ಇಳಿದಾಗ ನಮ್ಮೂರ ಕಡೆ ಹೋಗ್ಬೇಕು" ಎಂದರು. ಅವರು ಏನನ್ನೂ ಕೇಳುವವರಲ್ಲ. ಕೇಳಿದ ಮೇಲೆ ಹೋಗದಿರುವುದು ಹೇಗೆ?

ಫೆಬ್ರವರಿ ಕೊನೆಯ ವಾರ ನಾವು ಮೂವರೂ ಹೊರಟೆವು. ಕಾಚಿಗುಡದಲ್ಲಿ ಸಂಜೆ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಬೆಂಗಳೂರು. ಅಲ್ಲಿಂದ ಹಾಸನಕ್ಕೆ ಈಗ ರೈಲಿನಲ್ಲೇ ಆರಾಮವಾಗಿ ಹೋಗಬಹುದು. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹೋಗುವ ನೇರ ಮಾರ್ಗ 2017ರಲ್ಲಿ ಶುರುವಾದ ಮೇಲೆ ಅರಸೀಕೆರೆ ಸುತ್ತಿಕೊಂಡು ಹೋಗುವ ಕಷ್ಟ ತಪ್ಪಿದೆ. ಹಾಸನದಲ್ಲಿ ನಾದಿನಿಯ ಮನೆಯಲ್ಲಿ ಇಳಿದುಕೊಂಡೆವು. ಮರುದಿನ ಬೆಳಿಗ್ಗೆ ಅವಳು ಕಟ್ಟಿಕೊಟ್ಟ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದು ದೊಡ್ಡ ಡಬ್ಬಿ ಮೊಸರನ್ನದೊಡನೆ ಬಾಡಿಗೆ ಕಾರಿನಲ್ಲಿ ಶೆಟ್ಟಿಹಳ್ಳಿಯ ಹಾದಿ ಹಿಡಿದೆವು.

ಇಲ್ಲಿ ಹೊಳೆಯ ವಿಷಯ ಎರಡು ಮಾತು. ಹೇಮಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯಲ್ಲಿ, ಬಲ್ಲಾಳರಾಯನದುರ್ಗದ ಬಳಿ. ಸಕಲೇಶಪುರದ ಮೇಲೆ ಹಾದು, ಹಾಸನ ಜಿಲ್ಲೆಯನ್ನು ಬಳಸಿ, ಸುಮಾರು 245 ಕಿಲೋಮೀಟರ್ ಹರಿದು ಕೃಷ್ಣರಾಜಸಾಗರದ ಹತ್ತಿರ ಕಾವೇರಿಯನ್ನು ಸೇರುತ್ತದೆ. ಗೊರೂರಿನ ಬಳಿ ಅದಕ್ಕೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಜಲಾಶಯದ ಪೂರ್ಣ ಮಟ್ಟ 2922 ಅಡಿ, ಅದರಲ್ಲಿ ಹಿಡಿಯುವ ನೀರು 37 ಟಿ.ಎಂ.ಸಿ.ಗೂ ಸ್ವಲ್ಪ ಹೆಚ್ಚು. ಗೊರೂರು ಎಂದರೆ ನಮ್ಮ ರಾಮಸ್ವಾಮಿ ಅಯ್ಯಂಗಾರ್ಯರ ಊರು. 1904ರಿಂದ 1991ರವರೆಗೆ ಬಾಳಿದ ಅವರು 'ಹಳ್ಳಿಯ ಚಿತ್ರಗಳು' ಪುಸ್ತಕದಲ್ಲಿ ಈ ಸೀಮೆಯ ಜನಜೀವನವನ್ನು ನಮಗೆಲ್ಲ ಕಟ್ಟಿಕೊಟ್ಟರು. 'ಹೇಮಾವತಿ' ಎಂಬ ಕಾದಂಬರಿಯನ್ನೂ ಬರೆದರು. ಅಣೆಕಟ್ಟಿನ ಕೆಳಗಿರುವ ಗೊರೂರು ಉಳಿಯಿತು. ಮೇಲಿದ್ದ ಹಳ್ಳಿಗಳು ಹೋದವು. ಒಂದೇ ಹೊಳೆಯ ಮಕ್ಕಳಿಗೆ ಎರಡು ಹಣೆಬರಹ.

ಬೇಸಿಗೆಯಲ್ಲಿ ನೆಲ ಪೂರ್ತಿ ಒಣಗಿದ ಮೇಲೆ ಕಾರುಗಳು ಚರ್ಚಿನ ಹತ್ತಿರದವರೆಗೂ ಹೋಗುತ್ತವೆ. ನಾವು ಹೋದಾಗ ನೆಲ ಅರೆಬರೆ ಒಣಗಿತ್ತು. ಡ್ರೈವರ್ ಗಾಡಿ ಹೂತುಕೊಂಡರೆ ಎಂದು ಹೆದರಿ ಮೇಲೆಯೇ ನಿಲ್ಲಿಸಿದ. ದೂರದಲ್ಲಿ ಕಂದು ಬಣ್ಣದ ಗೋಡೆಗಳು ಆಟಿಕೆಯಂತೆ ಕಾಣುತ್ತಿದ್ದವು. ನಡುವೆ ಬರೀ ಬಯಲು. ಬಯಲು ಎಂದೆನಲ್ಲ, ಅದು ನೆಲವೂ ಅಲ್ಲ, ಕೆರೆಯೂ ಅಲ್ಲ. ನೀರು ಹಿಂದೆ ಸರಿದಂತೆಲ್ಲ ಹೂಳು ಹಾಸಿಹೋಗಿದೆ. ಕೆಲವು ಕಡೆ ಹಸಿರು ಹುಲ್ಲು ಜಮಖಾನೆ ಹಾಸಿದಂತೆ. ಕೆಲವು ಕಡೆ ಹಪ್ಪಳದಂತೆ ಬಿರುಕುಬಿಟ್ಟು ಅಂಚು ಮೇಲೆದ್ದ ಮಣ್ಣು. ಇನ್ನು ಕೆಲವು ಕಡೆ ಕನ್ನಡಿಯಂತೆ ಹೊಳೆಯುವ ಜೌಗು. ಎಮ್ಮೆ ಮೇಯಿಸುತ್ತಿದ್ದ ಒಬ್ಬ ಹಿರಿಯರು ನಮ್ಮ ಪರದಾಟ ನೋಡಿ ತಾವೇ ಮುಂದೆ ನಡೆದರು. "ಹುಲ್ಲು ಇರೋ ಕಡೆ ಕಾಲಿಡಿ, ಹೊಳೆಯೋ ಕಡೆ ಇಡಬ್ಯಾಡಿ. ಎಮ್ಮೆ ಹೆಜ್ಜೆ ನೋಡ್ಕಂಡು ಬನ್ನಿ, ಅವಕ್ಕೆ ಗೊತ್ತು" ಎಂದರು. ಇಂಗ್ಲಿಷ್ ಬಿ.ಎ. ಓದಿದವಳು ಎಮ್ಮೆಯ ಹೆಜ್ಜೆ ಹುಡುಕುತ್ತ, ಸೀರೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಅತ್ತೆಯವರು ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಮಗನ ಭುಜ ಹಿಡಿದು, ನಮಗಿಂತ ಸರಾಗವಾಗಿ ಬರುತ್ತಿದ್ದರು.

ಬೆಳ್ಳಕ್ಕಿಗಳು ಎಮ್ಮೆಗಳ ಬೆನ್ನ ಮೇಲೆ ಕುಳಿತು ಸವಾರಿ ಮಾಡುತ್ತಿದ್ದವು. ಒಣಗಿದ ಮರದ ಬೊಡ್ಡೆಯೊಂದರ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಟಿಟ್ಟಿಭಗಳು ನಮ್ಮನ್ನು ಕಂಡು ಗಲಾಟೆ ಎಬ್ಬಿಸಿದವು. ಕಾಲಿನ ಕೆಳಗೆ ಅಲ್ಲಲ್ಲಿ ಹಂಚಿನ ಚೂರು, ಮಡಕೆಯ ಚೂರು, ಕಪ್ಪೆಚಿಪ್ಪು. ನಡೆಯುತ್ತಿರುವುದು ಯಾರದೋ ಅಂಗಳದ ಮೇಲೆ ಎಂಬುದು ಆಗ ಮನಸ್ಸಿಗೆ ಬಂದು ಮಾತು ಕಡಿಮೆಯಾಯಿತು.

ಮುಕ್ಕಾಲು ಗಂಟೆ ನಡೆದ ಮೇಲೆ ಚರ್ಚು ನಮ್ಮೆದುರಿಗೆ ಎದ್ದು ನಿಂತಿತು. ಛಾವಣಿ ಇಲ್ಲ. ಬಾಗಿಲು ಕಿಟಕಿಗಳ ಚೌಕಟ್ಟೂ ಇಲ್ಲ. ಎರಡು ಕಡೆ ಸಾಲುಗಂಬಗಳು, ಅವುಗಳ ಮೇಲೆ ಕೈಮುಗಿದಂತೆ ತುದಿ ಚೂಪಾದ ಕಮಾನುಗಳು. ಇದು ಗಾಥಿಕ್ ಶೈಲಿ. ಟಿಂಟರ್ನಿನ ಚಿತ್ರದಲ್ಲಿ ನೋಡಿದ್ದ ಕಮಾನುಗಳ ದಾಯಾದಿಗಳೇ ಸರಿ. ತಲೆಯೆತ್ತಿದರೆ ಆಕಾಶ, ಗೋಡೆಯ ಸಂದಿನಲ್ಲಿ ಪಾರಿವಾಳ. ಪೂಜೆ ನಡೆಯುತ್ತಿದ್ದ ಕಡೆ ಗೋಡೆ ಅರ್ಧಚಂದ್ರದ ಹಾಗೆ ಬಾಗಿದೆ. ಅಲ್ಲಿ ನಿಂತು ಸಣ್ಣಗೆ ಮಾತಾಡಿದರೂ ಗೋಡೆಗಳು ಕೇಳಿಸಿಕೊಳ್ಳುತ್ತವೆ ಎನಿಸುತ್ತದೆ. ಗಾರೆ ಉದುರಿದ ಕಡೆ ಇಟ್ಟಿಗೆಗಳು ಕೆಂಪಗೆ ಕಾಣುತ್ತವೆ. ಪ್ರತಿ ವರ್ಷದ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಗೋಡೆಯ ಮೇಲಿನ ಗೆರೆಗಳೇ ಹೇಳುತ್ತವೆ.

ಈ ಚರ್ಚನ್ನು ಕಟ್ಟಿದ್ದು 1860ರ ದಶಕದಲ್ಲಿ, ಫ್ರೆಂಚ್ ಪಾದ್ರಿಗಳು. ಹಾಸನದ ಕಡೆಗೂ ಫ್ರೆಂಚರಿಗೂ ನಂಟು ಅದಕ್ಕಿಂತ ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಅಬ್ಬೆ ದ್ಯುಬುವಾ ಎಂಬ ಪಾದ್ರಿ ಇಲ್ಲಿಯ ಜನರ ಉಡುಪು, ಊಟ, ನಡೆ ನುಡಿ ಎಲ್ಲವನ್ನೂ ಅನುಸರಿಸಿ 'ದೊಡ್ಡ ಸ್ವಾಮಿ' ಎನಿಸಿಕೊಂಡವರು. ಹಾಸನದ ಹತ್ತಿರದ ಸತ್ತಿಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿರುವವರ ನೆಲೆಯೊಂದನ್ನು ಕಟ್ಟಿದರು. ಸಿಡುಬಿನ ಲಸಿಕೆ ಹಾಕಿಸಲು ಊರೂರು ತಿರುಗಿದರು. ನಮ್ಮ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಎಲ್ಲ ಮಾತನ್ನೂ ನಾವು ಒಪ್ಪಬೇಕಾಗಿಲ್ಲ. 1823ರಲ್ಲಿ ಅವರು ಹಿಂದಿರುಗಿಹೋದರು. ಶೆಟ್ಟಿಹಳ್ಳಿಯ ಚರ್ಚು ಎದ್ದಿದ್ದು ಅವರ ಕಾಲದ ಎಷ್ಟೋ ವರ್ಷದ ಮೇಲೆ. 'ಅಬ್ಬೆ' ಎಂಬ ಅವರ ಬಿರುದಿಗೂ ಇಂಗ್ಲಿಷಿನ 'ಅಬ್ಬಿ'ಗೂ ಮೂಲ ಒಂದೇ, ತಂದೆ ಎಂಬ ಅರ್ಥದ 'ಅಬ್ಬಾ'. ನಮ್ಮ ಕನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಅಪ್ಪನೋ ಅವ್ವನೋ, ಅಂತೂ ಅಕ್ಕರೆಯ ಶಬ್ದ.

ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿ ಅರೆದರಂತೆ, ಅದಕ್ಕೇ ಇಷ್ಟು ಗಟ್ಟಿ ಎಂದು ನಮ್ಮನ್ನು ಕರೆತಂದ ಹಿರಿಯರು ಹೇಳಿದರು. ಹಳೆಯ ಕಟ್ಟಡದ ಬಗ್ಗೆ ನಮ್ಮ ಎಲ್ಲ ಊರುಗಳಲ್ಲೂ ಕೇಳಿಬರುವ ಮಾತಿದು. ಏನೇ ಇರಲಿ, 1979ರಿಂದ ಇಂದಿನವರೆಗೆ ವರ್ಷ ವರ್ಷವೂ ನೀರಿನಲ್ಲಿ ನೆನೆದು ಬಿಸಿಲಿಗೆ ಒಣಗಿಯೂ ನಿಂತಿದೆಯೆಂದರೆ ಕಟ್ಟಿದವರ ಕೈಗೆ ನಮಸ್ಕಾರ ಹೇಳಬೇಕು.

ನಾನು ಕಮಾನುಗಳನ್ನು ನೋಡುತ್ತಿದ್ದೆ. ಅತ್ತೆಯವರು ಮಾತ್ರ ಚರ್ಚಿಗೆ ಬೆನ್ನು ಹಾಕಿ ನೀರಿನ ಕಡೆ ನೋಡುತ್ತಿದ್ದರು. ಕೋಲನ್ನು ಎತ್ತಿ ಏನೋ ಲೆಕ್ಕ ಹಾಕುತ್ತಿದ್ದರು. ಹತ್ತಿರ ಹೋದೆ. "ನೋಡಮ್ಮ, ನಮ್ಮ ಕಣದಲ್ಲಿ ನಿಂತ್ರೆ ಇಗರ್ಜಿ ಎಡಗಡೀಕೆ ಕಾಣೋದು. ಹೊಳೆ ಹಿಂದೆ. ಆ ಗುಡ್ಡ ನೇರಕ್ಕೆ. ಹಂಗಾರೆ ನಮ್ಮನೆ..." ಎಂದು ಕೋಲನ್ನು ನಿಧಾನವಾಗಿ ತಿರುಗಿಸಿ, ನೀರಿನ ಮೇಲೆ ಒಂದು ಕಡೆ ನಿಲ್ಲಿಸಿದರು. "ಅಲ್ಲಿ" ಎಂದರು. ಅಲ್ಲಿ ಒಂದು ತೆಪ್ಪ ಹೋಗುತ್ತಿತ್ತು, ಅಷ್ಟೇ.

ನಮ್ಮವರು ಆಗ ಹನ್ನೆರಡು ವರ್ಷದ ಹುಡುಗ. "ಅವ್ವಾ, ನಂಗೆ ಹುಣಿಸೇ ಮರ ಒಂದೇ ಜ್ಞಾಪಕ" ಎಂದರು. ಅತ್ತೆಯವರಿಗೆ ಎಲ್ಲವೂ ಜ್ಞಾಪಕವಿತ್ತು. ಊರು ಬಿಡುವಾಗ ಬಾಗಿಲು, ತೊಲೆ, ಜಂತೆ, ಹೆಂಚು ಎಲ್ಲವನ್ನೂ ಬಿಚ್ಚಿ ಗಾಡಿಗೆ ಹೇರಿದ್ದು. ಒರಳುಕಲ್ಲು ಭಾರವೆಂದು ಬಿಟ್ಟುಬಂದದ್ದು. ಕೊಟ್ಟಿಗೆಯ ದನಗಳು ಹೊಸ ಜಾಗದಿಂದ ಎರಡು ಸಲ ತಪ್ಪಿಸಿಕೊಂಡು ಹಳೆಯ ಊರಿನ ದಾರಿ ಹಿಡಿದದ್ದು. ಚರ್ಚಿನ ಗಂಟೆಯ ವಿಷಯವನ್ನೂ ಹೇಳಿದರು. ಮನೆಯಲ್ಲಿ ಗಡಿಯಾರವಿರಲಿಲ್ಲ. ಮಧ್ಯಾಹ್ನದ ಗಂಟೆ ಕೇಳಿದರೆ ಹೊಲದವರಿಗೆ ಮುದ್ದೆ ಹೊತ್ತುಕೊಂಡು ಹೊರಡುವುದು, ಸಂಜೆಯ ಗಂಟೆ ಕೇಳಿದರೆ ದೀಪ ಹಚ್ಚುವುದು. "ಅವರ ದೇವ್ರು ಗಂಟೆ ಹೊಡೆಸ್ತಿದ್ದ, ನಮ್ಮ ದೇವ್ರಿಗೆ ದೀಪ ಹತ್ತಾದು" ಎಂದರು. ಮತಗಳ ಸೌಹಾರ್ದದ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇನೆ. ಇಷ್ಟು ಸರಳವಾಗಿ ಯಾರೂ ಹೇಳಿದ್ದಿಲ್ಲ.

ಆಗ ನನಗೊಂದು ಸಂಗತಿ ಹೊಳೆಯಿತು. ಮನೆಗಳ ಮರಮುಟ್ಟು, ಹೆಂಚು ಜನರ ಜೊತೆ ಹೋಯಿತು. ಉಳಿದ ಮಣ್ಣಿನ ಗೋಡೆ ನೀರಿನಲ್ಲಿ ಕರಗಿತು. ಹೀಗಾಗಿ ಇಷ್ಟು ದೊಡ್ಡ ಮುಳುಗಡೆಯ ಈ ಭಾಗದಲ್ಲಿ ಎದ್ದು ಕಾಣುವ ಗುರುತೆಂದರೆ ಈ ಇಟ್ಟಿಗೆಯ ಗೋಡೆಗಳು. ನಮಗೆ ಇದು ಪ್ರೇಕ್ಷಣೀಯ ಸ್ಥಳ. ಅತ್ತೆಯವರಂಥವರಿಗೆ ಇದು ಗಡಿಕಲ್ಲು. ಇದರ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಎಂದು ಅಳೆದು ತಮ್ಮ ತಮ್ಮ ಹೊಸ್ತಿಲನ್ನು ಗುರುತು ಹಿಡಿಯುತ್ತಾರೆ. ಗೋಡೆ ಬಿದ್ದ ದಿನ ಆ ಗುರುತೂ ಹೋಗುತ್ತದೆ. ಗುಡ್ಡ ಇರುತ್ತದೆ, ನೀರು ಇರುತ್ತದೆ, ಆದರೆ "ಅಲ್ಲಿ" ಎಂದು ಕೋಲು ನಿಲ್ಲಿಸುವುದಕ್ಕೆ ಆಧಾರ ಇರುವುದಿಲ್ಲ.

ಗೋಡೆ ಬೀಳುವುದು ದೂರದ ಮಾತೂ ಅಲ್ಲ. ಗಾರೆಯ ಕಟ್ಟಡಕ್ಕೆ ನೀರಿಗಿಂತಲೂ, ನೀರು ಬಂದು ಹೋಗಿ ಮಾಡುವುದು ಹೆಚ್ಚು ಅಪಾಯ. ನೆನೆದಾಗ ಸುಣ್ಣ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಒಣಗಿದಾಗ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಗಿಡ ಬೇರು ಬಿಡುತ್ತದೆ. ಇದು ಸಾಲದು ಎಂಬಂತೆ ನಾವು ಪ್ರವಾಸಿಗರು ಗೋಡೆ ಹತ್ತುತ್ತೇವೆ, ಕಮಾನಿನ ಮೇಲೆ ಹೃದಯದ ಚಿತ್ರ ಕೆತ್ತಿ ಹೆಸರು ಬರೆಯುತ್ತೇವೆ. ಕಲ್ಲಿನ ಗುಡಿಯಾದರೆ ಬಿಚ್ಚಿ ಬೇರೆ ಕಡೆ ಜೋಡಿಸಬಹುದು. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಹಾಗೆ ಕಲ್ಲು ಕಲ್ಲಾಗಿ ಬಿಚ್ಚಿ ಎತ್ತರದ ಜಾಗದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ನಮ್ಮ ಹೈದರಾಬಾದಿಗೆ ಹತ್ತಿರದ ಆಲಂಪುರಕ್ಕೆ ಹೋದವರು ಕೂಡಲಿ ಸಂಗಮೇಶ್ವರನ ಗುಡಿಯನ್ನು ನೋಡಿರುತ್ತೀರಿ. ನಮ್ಮ ಬಾದಾಮಿ ಚಾಲುಕ್ಯರ ಕಾಲದ ಆ ಗುಡಿಯನ್ನೂ ಶ್ರೀಶೈಲದ ಹಿನ್ನೀರಿನಿಂದ ಬಿಡಿಸಿ ತಂದದ್ದೇ. ಇಟ್ಟಿಗೆ ಗಾರೆಯ ಶೆಟ್ಟಿಹಳ್ಳಿಗೆ ಆ ಭಾಗ್ಯವಿಲ್ಲ. ಇದ್ದಲ್ಲೇ ಬುಡ ಭದ್ರಪಡಿಸಿ, ಗಿಡ ಕಿತ್ತು, ಬಿರುಕು ಮುಚ್ಚಿ ಉಳಿಸಿಕೊಳ್ಳಬೇಕು.

ಹಾಗೆಂದು ಅಣೆಕಟ್ಟನ್ನು ಬೈಯುವುದಕ್ಕೆ ನಾನು ಈ ಲೇಖನ ಬರೆಯುತ್ತಿಲ್ಲ. ಹೇಮಾವತಿಯ ನಾಲೆಗಳು ಹಾಸನ, ತುಮಕೂರು, ಮಂಡ್ಯ ಜಿಲ್ಲೆಗಳ ಹೊಲಗಳಿಗೆ ನೀರುಣಿಸಿವೆ. ತುಮಕೂರು ಪಟ್ಟಣದ ನಲ್ಲಿಗಳಲ್ಲಿ ಬರುವುದೂ ಇದೇ ನೀರು. ನಮ್ಮ ಹೈದರಾಬಾದು ಬೇರೆಯೇ? 1908ರಲ್ಲಿ ಮೂಸಿ ನದಿ ಉಕ್ಕಿ ಊರೇ ಕೊಚ್ಚಿಹೋದಾಗ ನಿಜಾಮರು ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯ ಫಲವಾಗಿ ಗಂಡಿಪೇಟೆಯ ಉಸ್ಮಾನ್‌ಸಾಗರ, ಹಿಮಾಯತ್‌ಸಾಗರಗಳು ಆದವು. ಈಗ ನಮ್ಮ ಊರಿಗೆ ಬರುವ ಕೃಷ್ಣಾ ನೀರು ನಾಗಾರ್ಜುನಸಾಗರದ್ದು. ಆ ಸಾಗರದ ತಳದಲ್ಲಿ ಇಕ್ಷ್ವಾಕು ಅರಸರ ರಾಜಧಾನಿ, ಬೌದ್ಧ ಭಿಕ್ಷುಗಳ ವಿಹಾರಗಳು ಮಲಗಿವೆ. 1954ರಿಂದ 1960ರವರೆಗೆ ಅವಸರದಲ್ಲಿ ಅಗೆದು, ಸಿಕ್ಕಿದ್ದನ್ನು ಗುಡ್ಡದ ಮೇಲೆ ಸಾಗಿಸಿದರು. ಆ ಗುಡ್ಡವೇ ಇಂದಿನ ನಾಗಾರ್ಜುನಕೊಂಡ ದ್ವೀಪ. ಹೊಳೆ ದಂಡೆಯ ಪಾಳು ಮಠ ನೋಡಲು ವೈ ನದಿಗೆ ಹೋಗಬೇಕೆ? ನಮ್ಮ ಅಡಿಗೆಮನೆಯ ನಲ್ಲಿ ತಿರುಗಿಸಿದರೆ ಒಂದು ಮಠವನ್ನು ದಾಟಿಬಂದ ನೀರೇ ಬೀಳುತ್ತದೆ. ಟಿಂಟರ್ನನ್ನು ಪಾಳು ಮಾಡಿದ್ದು ಒಬ್ಬ ದೊರೆಯ ಹಟ. ಇಲ್ಲಿಯದನ್ನು ಮಾಡಿದ್ದು ಕೋಟ್ಯಂತರ ಜನರ ಬಾಯಾರಿಕೆ, ಹಸಿವು. ಅದನ್ನು ತಪ್ಪೆನ್ನಲಾಗದು. ಆದರೆ ಯಾರ ಅಂಗಳ ಮುಳುಗಿ ನಮಗೆ ನೀರಾಯಿತು ಎಂಬುದನ್ನು ತಿಳಿದುಕೊಂಡಿರುವುದು ಉಂಡ ಮನೆಯ ಋಣ.

ನಮ್ಮ ಸಂಘದಲ್ಲೇ ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆ ಬಿಟ್ಟು ನವನಗರಕ್ಕೆ ಹೋದವರ ಬಂಧುಗಳಿದ್ದಾರೆ. ಅಂಥ ಮನೆಗಳ ಹಿರಿಯರನ್ನು ಈಗಲೇ ಕೂರಿಸಿ ಕೇಳಬೇಕು. ಯಾವ ಬೀದಿ, ಯಾವ ಬಾವಿ, ಯಾರ ಮನೆಯ ಪಕ್ಕ ಯಾರ ಮನೆ ಎಂದು ಒಂದು ಹಾಳೆಯಲ್ಲಿ ಬರೆದಿಡಬೇಕು. ಹಾಸನಕ್ಕೆ ಹಿಂದಿರುಗಿದ ರಾತ್ರಿ ನಾವು ಅದನ್ನೇ ಮಾಡಿದೆವು. ನಾದಿನಿಯ ಮಗಳ ಡ್ರಾಯಿಂಗ್ ಹಾಳೆಯ ಮೇಲೆ ಅತ್ತೆಯವರು ಹೇಳಿದಂತೆ ಹೊಳೆ, ಗುಡ್ಡ, ಇಗರ್ಜಿ ಮೊದಲು ಬರೆದು, ಆಮೇಲೆ ಮೂವತ್ತೊಂದು ಮನೆಗಳನ್ನು ಒಂದೊಂದಾಗಿ ಕೂರಿಸಿದೆವು. ಹನ್ನೊಂದು ಗಂಟೆಯಾದರೂ ಅವರಿಗೆ ನಿದ್ದೆ ಬರಲಿಲ್ಲ. "ಆ ಮನೇದು ಬಾಗ್ಲು ಮೂಡಲಿಗೆ, ತಿದ್ದು" ಎಂದು ಎರಡು ಮನೆಗಳನ್ನು ಅಳಿಸಿ ತಿರುಗಿಸಿದರು.

ಹೋಗಬೇಕೆನ್ನುವವರಿಗೆ ಕೆಲವು ಸೂಚನೆಗಳು. ಮಳೆಗಾಲದಲ್ಲಿ, ಜುಲೈಯಿಂದ ಅಕ್ಟೋಬರಿನವರೆಗೆ, ಚರ್ಚಿನ ಮೇಲ್ಭಾಗ ಮಾತ್ರ ನೀರಿನ ಮೇಲೆ ಕಾಣುತ್ತದೆ. ಆ ನೋಟವೂ ಸೊಗಸೇ, ದಡದಿಂದಲೇ ನೋಡಬೇಕು. ನಡೆದು ಹೋಗಬೇಕಾದರೆ ಫೆಬ್ರವರಿಯಿಂದ ಮೇ ತಿಂಗಳು ಸರಿ. ಆದರೆ ನೀರು ಆಯಾ ವರ್ಷದ ಮಳೆಯಂತೆ, ಹೋಗುವ ಮೊದಲು ಹಾಸನದಲ್ಲಿ ವಿಚಾರಿಸಿಕೊಳ್ಳಿ. ಬೆಳಿಗ್ಗೆ ಬೇಗ ಹೊರಡಿ, ನೆರಳೆಂಬುದೇ ಇಲ್ಲ. ಕುಡಿಯುವ ನೀರು, ಬುತ್ತಿ, ಒಂದು ಕೊಡೆ, ಕೆಸರಾದರೆ ತೊಳೆದುಕೊಳ್ಳಬಹುದಾದ ಚಪ್ಪಲಿ ಇರಲಿ. ಮಕ್ಕಳನ್ನು ಗೋಡೆ ಹತ್ತಲು ಬಿಡಬೇಡಿ. ತಿಂದ ಎಲೆ, ಖಾಲಿ ಬಾಟಲಿ ನಿಮ್ಮ ಚೀಲದಲ್ಲೇ ವಾಪಸು ಬರಲಿ. ದಾರಿಯಲ್ಲಿ ದನ ಎಮ್ಮೆ ಮೇಯಿಸುವವರು ಸಿಕ್ಕರೆ ದಾರಿ ಕೇಳುವುದರ ಜೊತೆಗೆ, "ನಿಮ್ಮ ಊರು ಎಲ್ಲಿತ್ತು?" ಎಂದೂ ಒಂದು ಮಾತು ಕೇಳಿ. ಅವರು ಕೈಯೆತ್ತಿ ತೋರಿಸುವ ಕಡೆ ನಿಮಗೆ ಬರೀ ನೀರೇ ಕಾಣಬಹುದು. ಆದರೂ ಸ್ವಲ್ಪ ಹೊತ್ತು ಅತ್ತ ನೋಡಿ.